ಬಿಟ್ಟು ಓದಿದ ಸಾಲು

ಈಗ ನನ್ನ ವಿದ್ಯಾರ್ಥಿಗಳು ಸಂಶೋಧನೆಗೆಂದು ಹಳ್ಳಿಗಳಿಗೆ ಹೋಗುವಾಗ ಕೈಯಲ್ಲಿ ಟ್ಯಾಬ್ ಹಿಡಿದಿರುತ್ತಾರೆ. ತಂದೆತಾಯಿಯ ಒಪ್ಪಿಗೆ ಪತ್ರ ಅದರೊಳಗೇ ಇರುತ್ತದೆ. ಒಂದು ಗುಂಡಿ ಒತ್ತಿದರೆ ಯಾವುದೋ ಸ್ಟುಡಿಯೋದಲ್ಲಿ ಮುದ್ರಿಸಿದ ಹೆಣ್ಣುದನಿ ಅದನ್ನು ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಓದುತ್ತದೆ. ಕೇಳಿದವರು ಬೆರಳು ಒತ್ತುತ್ತಾರೆ, ಅಲ್ಲಿಗೆ ಮುಗಿಯಿತು. ಅದೇ ಸರಿಯಾದ ಕ್ರಮ, ಪಾಠ ಮಾಡುವಾಗ ನಾನೂ ಹಾಗೆಂದೇ ಹೇಳುತ್ತೇನೆ. ಆದರೂ ಆ ದನಿ ಕೇಳಿದಾಗಲೆಲ್ಲ ನನಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಆ ಹೆಣ್ಣುಮಗಳು ಕೆಮ್ಮುವುದಿಲ್ಲ, ತಡವರಿಸುವುದಿಲ್ಲ, ಓದುತ್ತ ಓದುತ್ತ ಅಪ್ಪನ ಮುಖವನ್ನು ಓರೆಗಣ್ಣಿನಿಂದ ನೋಡುವುದಿಲ್ಲ.

ನನ್ನ ಕಾಲದಲ್ಲಿ ಒಪ್ಪಿಗೆ ಪತ್ರ ಎಂದರೆ ಒಂದು ಹಾಳೆ. ಹನ್ನೆರಡು ವರ್ಷಗಳ ಹಿಂದೆ ನಾನು ಧಾರವಾಡದಲ್ಲಿ ಮನಃಶಾಸ್ತ್ರದ ಪಿಎಚ್.ಡಿ. ಮಾಡುತ್ತಿದ್ದೆ. ಹದಿಹರೆಯದ ಮಕ್ಕಳು ಮನಸ್ಸಿನ ಮಾತನ್ನು ಮನೆಯಲ್ಲಿ ಯಾರಿಗೆ ಹೇಳುತ್ತಾರೆ, ಯಾರಿಂದ ಮುಚ್ಚಿಡುತ್ತಾರೆ ಎಂಬುದು ನನ್ನ ವಿಷಯ. ಹುಟ್ಟಿ ಬೆಳೆದದ್ದು ಶಿಗ್ಗಾಂವದಲ್ಲಾದ್ದರಿಂದ ಸುತ್ತಲಿನ ತಾಲ್ಲೂಕುಗಳನ್ನೇ ಆರಿಸಿಕೊಂಡೆ. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಗಿರಮಿಟ್ ತಿಂದು, ಚಹಾ ಕುಡಿದು ಹೊರಟರೆ ಒಂದು ದಿನ ಸವಣೂರು, ಒಂದು ದಿನ ಹಾನಗಲ್ಲ, ಇನ್ನೊಂದು ದಿನ ಹಾವೇರಿಯಲ್ಲಿ ಬಸ್ ಬದಲಿಸಿ ಹಿರೇಕೆರೂರು. ಬಗಲಲ್ಲಿ ಕಾಗದ ತುಂಬಿದ ಚೀಲ, ಸವಣೂರಿನಿಂದ ಮರಳುವಾಗ ಅದರಲ್ಲಿ ಖಾರಾದ ಪೊಟ್ಟಣ. ನನ್ನ ಎಷ್ಟೋ ಪ್ರಶ್ನಾವಳಿಗಳಿಗೆ ಆ ಎಣ್ಣೆಯ ಕಲೆ ಅಂಟಿತ್ತು. ಸೊಂಟ ಮುರಿಯುವಂಥ ಪ್ರಯಾಣ ಅದು. ಈಗ ನೆನೆದರೆ ಅಷ್ಟು ಹಗುರಾಗಿ ಮತ್ತೆಂದೂ ಓಡಾಡಿಲ್ಲ ಅನ್ನಿಸುತ್ತದೆ.

ಹಾಳೆಯಲ್ಲಿ ಇದ್ದದ್ದು ಕೆಲವೇ ಮಾತು. ಇದು ಏನು ಅಧ್ಯಯನ, ಎಷ್ಟು ಸಲ ಮನೆಗೆ ಬರುತ್ತೇನೆ, ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು. ಇವುಗಳ ಜೊತೆಗೆ ಎಲ್ಲಕ್ಕಿಂತ ಮುಖ್ಯವಾದ ಒಂದು ಸಾಲು: ನಿಮ್ಮ ಮಗ ಅಥವಾ ಮಗಳು ಹೇಳಿದ್ದನ್ನು ಅವರ ಅನುಮತಿಯಿಲ್ಲದೆ ನಿಮಗೂ ತಿಳಿಸುವುದಿಲ್ಲ, ಜೀವಕ್ಕೆ ಅಪಾಯವಿದ್ದರೆ ಮಾತ್ರ ತಿಳಿಸುತ್ತೇವೆ. ಓದಲು ಬಾರದವರ ಮನೆಯಲ್ಲಿ ಸಂಶೋಧಕರೇ ಇದನ್ನು ಗಟ್ಟಿಯಾಗಿ ಓದಿ ಹೇಳಬೇಕು ಎಂಬುದು ನಿಯಮ. ನಾನು ಓದಲು ಹೋದ ಮೊದಲ ಮನೆಯಲ್ಲೇ, ಸವಣೂರಿನ ಎಲೆತೋಟದ ಪಕ್ಕದಲ್ಲಿದ್ದ ಒಬ್ಬ ತಾಯಿ ನನ್ನ ಕೈಯಿಂದ ಹಾಳೆ ಕಸಿದುಕೊಂಡಳು.

“ನೀವ್ಯಾಕ ಓದಾಕ ಹೋಗ್ತೀರಿ ಅಕ್ಕೋರ? ನಮ್ಮ ಹುಡುಗ ಓದ್ತಾನ. ಹೆಂಗ ಓದ್ತಾನ ಕೇಳ್ರಿ ನೀವ.”

ಆಕೆಯ ಜಂಬ ನೋಡಿ ನನಗೆ ಬೇಡ ಎನ್ನಲು ಮನಸ್ಸಾಗಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಈ ಮನೆಗಳಲ್ಲಿ ಓದು ಎಂದರೆ ಮಕ್ಕಳ ಕೆಲಸ. ಕರೆಂಟ್ ಬಿಲ್ಲು, ಮದುವೆ ಕಾರ್ಡು, ಗೊಬ್ಬರದ ಚೀಲದ ಮೇಲಿನ ಬರಹ, ದವಾಖಾನೆಯ ಚೀಟಿ, ಎಲ್ಲವನ್ನೂ ಅವರೇ ಓದುತ್ತಿದ್ದರು. ನನ್ನ ಹಾಳೆಯನ್ನೂ ಅವರೇ ಓದಿದರು. ಒಂದೆರಡು ಮನೆ ದಾಟುವಷ್ಟರಲ್ಲಿ ನನಗೆ ಗುಟ್ಟು ತಿಳಿಯಿತು. ಈ ಮಕ್ಕಳು ಸಾಲುಗಳನ್ನು ಹಾರಿಸುತ್ತಿದ್ದರು! ಆ ಸವಣೂರಿನ ಹುಡುಗ ‘ನಿಮಗೂ ತಿಳಿಸುವುದಿಲ್ಲ’ ಎಂಬ ಗುಟ್ಟಿನ ಸಾಲಿಗೆ ಬಂದವನೇ ಜೋರಾಗಿ ಕೆಮ್ಮಿ ಮುಂದಿನ ಸಾಲಿಗೆ ನೆಗೆದ. ಹಿರೇಕೆರೂರಿನ ಒಬ್ಬಳು ‘ಯಾವಾಗ ಬೇಕಾದರೂ ಬಿಡಬಹುದು’ ಎಂಬುದನ್ನು ನುಂಗಿಹಾಕಿದಳು, ನಾನು ಬಂದು ಕೂತಷ್ಟು ಹೊತ್ತು ಆಕೆಗೆ ಪಾತ್ರೆ ತಿಕ್ಕುವುದು ತಪ್ಪುತ್ತಿತ್ತು. ಹುಲಗೂರಿನ ಒಬ್ಬ ಮಹಾರಾಯ ‘ಮಗನಿಗೆ ದಿನಾ ಸಂಜೆ ಆಡಲು ಬಿಡಬೇಕು’ ಎಂದು ತನ್ನದೇ ಒಂದು ಸಾಲು ಸೇರಿಸಿ ಓದಿದ. ಅವನ ಅಪ್ಪ ಗಂಭೀರವಾಗಿ ತಲೆಯಾಡಿಸಿದರು. ಹೊರಗೆ ಬಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ತಿದ್ದಬೇಕಾಗಿತ್ತು, ತಿದ್ದಲಿಲ್ಲ. ಯಾವ ಮಗು ಯಾವ ಸಾಲು ಬಿಟ್ಟಿತು ಎಂದು ಅಂಚಿನಲ್ಲಿ ಚುಕ್ಕೆ ಇಡುತ್ತಿದ್ದೆ. ನನ್ನ ದೊಡ್ಡ ಪ್ರಶ್ನಾವಳಿಗಿಂತ ಆ ಚುಕ್ಕೆಗಳೇ ಆ ಮನೆಯ ಕಥೆಯನ್ನು ಚೆನ್ನಾಗಿ ಹೇಳುತ್ತವೆ ಎಂದು ಒಳಗೊಳಗೇ ಬೀಗುತ್ತಿದ್ದೆ. ಮಕ್ಕಳ ಆಟ ನನಗೆ ಅರ್ಥವಾಗಿದೆ ಎಂಬ ಆ ಸೊಕ್ಕೇ ಮುಂದೆ ನನ್ನ ಕಣ್ಣಿಗೆ ಪೊರೆ ಕಟ್ಟಿತು.

ಹಾನಗಲ್ಲ ತಾಲ್ಲೂಕಿನ ಆಡೂರಿನಲ್ಲಿ ಬಸ್ಸಿಳಿದರೆ ಪ್ರತಿಸಲ ಯಾರಾದರೊಬ್ಬರು ಕೇಳುತ್ತಿದ್ದರು, “ಶಾಸನ ನೋಡಾಕ ಬಂದೀರೇನ್ರಿ?” ಕಾಗದದ ಚೀಲ ಹಿಡಿದು ಬಂದವರೆಲ್ಲ ಹಳೆಯ ಕಲ್ಲಿನ ಅಕ್ಷರ ಓದಲು ಬಂದವರೇ ಎಂದು ಅವರ ಲೆಕ್ಕ. ನಾನು ಹೋಗಬೇಕಾಗಿದ್ದದ್ದು ಅಲ್ಲಿಂದ ಆಚೆಗಿನ ಒಂದು ಹಳ್ಳಿಗೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಮನೆ. ತಾಯಿ ಅವಳು ಚಿಕ್ಕವಳಿರುವಾಗಲೇ ತೀರಿಕೊಂಡಿದ್ದಳು. ಅಪ್ಪ ಹಾನಗಲ್ಲಿಗೆ ಟಂಟಂ ಆಟೋ ಓಡಿಸುತ್ತಿದ್ದ. ಸಹಿ ಹಾಕುವಷ್ಟು ಅಕ್ಷರ ಮಾತ್ರ ಅವನಿಗೆ ಗೊತ್ತಿತ್ತು. ಹುಡುಗಿಯನ್ನು ಸಾಕಿದ್ದು ಅಪ್ಪನ ತಾಯಿ. ಅವಳನ್ನು ಹುಡುಗಿ ಆಯಿ ಎನ್ನುತ್ತಿದ್ದಳು. ನಾನು ಹೋಗುವ ಎರಡು ತಿಂಗಳ ಮೊದಲು ಆ ಆಯಿಯೂ ಹೋಗಿಬಿಟ್ಟಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದ ಗೂಟದಲ್ಲಿ ಮುದುಕಿಯ ಊರುಗೋಲು ಇನ್ನೂ ತೂಗುತ್ತಿತ್ತು.

ನಾನು ಹಾಳೆ ತೆಗೆದ ಕೂಡಲೇ ಹುಡುಗಿ ತಾನಾಗಿಯೇ ಕೈ ಚಾಚಿದಳು. ಚೆನ್ನಾಗಿ ಓದಿದಳು, ನಿಧಾನ, ಸ್ಪಷ್ಟ. ಗುಟ್ಟಿನ ಸಾಲು ಬಂದಾಗ ಹಾಳೆಯಿಂದ ಕಣ್ಣೆತ್ತಿ, ನನ್ನನ್ನೇ ನೋಡುತ್ತ ಹೇಳಿದಳು: “ಹುಡಿಗಿ ಹೇಳಿದ್ದನ್ನೆಲ್ಲಾ ಅಕ್ಕೋರು ಮನಿಯವರಿಗೆ ಬಂದು ಹೇಳ್ತಾರ ಅಂತ ಬರದೈತಿ.”

ಅಪ್ಪ ಖುಷಿಯಾದ. “ಹಂಗಾರ ಚೊಲೋ ಆತು. ನಮ್ಮವ್ವ ಹೋದಾಗಿಂದ ಆಕಿ ಮನ್ಯಾಗ ಒಂದಕ್ಷರ ಓದಿಲ್ರಿ. ಇವತ್ತ ಓದ್ಯಾಳ ನೋಡ್ರಿ, ನಿಮ್ಮ ಪುಣ್ಯ.”

ನಾನು ಮನಸ್ಸಿನಲ್ಲೇ ಭಲೇ ಎಂದೆ. ಬೇರೆ ಮಕ್ಕಳು ಸಾಲನ್ನು ಹಾರಿಸಿದ್ದರೆ, ಇವಳು ತಿರುಗಿಸಿಯೇ ಓದಿ ಅಪ್ಪನ ಕಣ್ಣಿಗೆ ಮಣ್ಣೆರಚಿದ್ದಾಳೆ, ಎಂಥ ಜಾಣೆ ಎಂದುಕೊಂಡೆ. ಅಂಚಿನಲ್ಲಿ ಎರಡು ಚುಕ್ಕೆ ಇಟ್ಟೆ.

ಎರಡನೆಯ ಭೇಟಿಯಲ್ಲಿ ನಾವಿಬ್ಬರೂ ಹಿತ್ತಲಿನ ಬೇವಿನ ಗಿಡದ ಕೆಳಗೆ ಕೂತಿದ್ದೆವು. ಹುಡುಗಿ ಕಂಪಾಸ್ ಪೆಟ್ಟಿಗೆ ತೆರೆದು ಒಂದು ದವಾಖಾನೆ ಚೀಟಿ ತೆಗೆದಳು. ಆಯಿಯ ಬಿಪಿ ಗುಳಿಗೆಯದು. ನಾಲ್ಕು ಮಡಿಕೆ ಮಾಡಿ ಮಾಡಿ ಹರಿಯುವಂತಾಗಿತ್ತು.

“ಒಂದು, ಸೊನ್ನಿ, ಒಂದು ಅಂತ ಬರದಾರ್ರಿ. ಮುಂಜಾನಿ ಒಂದು, ರಾತ್ರಿ ಒಂದು. ಕಡೀಗಿನ ಒಂದು ಅನ್ನೂದು ಮಡಿಕಿ ಮ್ಯಾಲ ಬಂದಿತ್ತು, ನನಗ ಕಾಣ್ಲೇ ಇಲ್ಲ. ನಾ ಮುಂಜಾನಿಂದಷ್ಟ ಕೊಟ್ಟೇನಿ. ಆಯಿ ಹೋದ ಮರುದಿನ ಬಿಚ್ಚಿ ನೋಡಿದ್ನಿ.” ಚೀಟಿಯ ಮಡಿಕೆಯನ್ನು ಬೆರಳಿನಿಂದ ತೀಡುತ್ತ ಹೇಳಿದಳು, “ನಾನ ಕೊಂದಂಗ ಆತಲ್ರಿ.”

ಹದಿನಾಲ್ಕು ವರ್ಷದ ಮಗು ಇದನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ಒಂಟಿಯಾಗಿ ಹೊತ್ತಿತ್ತು. ವಯಸ್ಸಾಗಿತ್ತು, ಒಂದು ಗುಳಿಗೆಯಿಂದ ಹಾಗಾಗುವುದಿಲ್ಲ, ನಿನ್ನ ತಪ್ಪೇನಿಲ್ಲ ಎಂದು ಕಲಿತದ್ದನ್ನೆಲ್ಲ ಹೇಳಿದೆ. ಕೊನೆಗೆ ಅವಳ ಕೈ ಹಿಡಿದು, ದೊಡ್ಡ ವರ ಕೊಡುವವಳಂತೆ, “ಹೆದರಬ್ಯಾಡ. ಇದನ್ನ ನಾ ಯಾರ ಮುಂದೂ ಹೇಳೂದಿಲ್ಲ. ನಿಮ್ಮಪ್ಪನ ಮುಂದೂ ಹೇಳೂದಿಲ್ಲ” ಅಂದೆ.

ಅವಳ ಮುಖ ಇಳಿಯಿತು. ಭಾರ ಇಳಿದು ಹಾಗಾಯಿತು ಎಂದು ನಾನು ತಿಳಿದೆ. ಅವಳು ಚೀಟಿಯನ್ನು ಅದೇ ಮಡಿಕೆಗಳಲ್ಲಿ ಮಡಚಿ ಪೆಟ್ಟಿಗೆಯಲ್ಲಿಟ್ಟು ಎದ್ದುಹೋದಳು.

ಅವತ್ತು ಅಪ್ಪ ನನ್ನನ್ನು ಟಂಟಂನಲ್ಲಿ ಆಡೂರಿನವರೆಗೆ ಬಿಟ್ಟ. ಅರ್ಧ ದಾರಿಯಲ್ಲಿ ಕನ್ನಡಿಯಲ್ಲಿ ನನ್ನ ಮುಖ ನೋಡಿ ಕೇಳಿದ, “ಏನಂದ್ಳರಿ ನಮ್ಮ ಹುಡಿಗಿ?”

“ಚೊಲೋ ಮಾತಾಡಿದಳ್ರಿ. ಶಾಣ್ಯಾ ಅದಾಳ” ಅಂದೆ.

ಅವನು ಇನ್ನೊಂದಿಷ್ಟು ದೂರ ಕಾದ. ನಾನು ಹೊರಗಿನ ಭತ್ತದ ಗದ್ದೆ ನೋಡುತ್ತ ಕೂತೆ. ವೃತ್ತಿಧರ್ಮ ಕಾಪಾಡಿದೆನೆಂದು ಒಳಗೊಳಗೇ ನನಗೆ ಹೆಮ್ಮೆಯಾಗಿತ್ತು.

ಮೂರನೆಯ ಭೇಟಿಯಲ್ಲಿ ಹುಡುಗಿ ಹೂಂ, ಉಹೂಂ ಬಿಟ್ಟರೆ ಬಾಯಿ ಬಿಡಲಿಲ್ಲ. ತೆಳ್ಳಗಾಗಿದ್ದಳು. ಬುಟ್ಟಿಯಲ್ಲಿ ಬೆಳಗಿನ ರೊಟ್ಟಿ ಹಾಗೇ ಇತ್ತು. ನಾಲ್ಕನೆಯ ಭೇಟಿಗೆ ಹೋದಾಗ ಮೊದಲು ಶಾಲೆಗೆ ಹೋದೆ, ಅವಳು ಎಂಟು ದಿನದಿಂದ ಬಂದಿಲ್ಲ ಎಂದರು. ವಾರ್ಷಿಕ ಪರೀಕ್ಷೆ ಎದುರಿಗೇ ಇತ್ತು. ಹೆಚ್ಚುಕಡಿಮೆ ಓಡಿಕೊಂಡೇ ಆ ಮನೆಗೆ ಹೋದೆ. ಹುಡುಗಿ ಹೊಸ್ತಿಲಲ್ಲಿ ಕೂತಿದ್ದಳು. ಯಾಕವ್ವ ಎಂದು ಕೇಳಿದ್ದಕ್ಕೆ, ಅಷ್ಟು ದಿನ ಹಿಡಿದಿಟ್ಟ ಸಿಟ್ಟನ್ನೆಲ್ಲ ನನ್ನ ಮೇಲೆ ಹರಿಯಬಿಟ್ಟಳು.

“ನೀವ್ಯಾಕ ಅಪ್ಪಗ ಹೇಳ್ಲಿಲ್ರಿ? ಎಲ್ಲಾ ಹೇಳ್ತಾರ ಅಂತ ನಾ ನಿಮ್ಮ ಮುಂದ ಓದ್ಲಿಲ್ಲೇನು? ನಿಮ್ಮ ಮಾರಿ ನೋಡೇ ಓದಿದ್ನಲ್ಲ? ನೀವು ಹೋದ ಮ್ಯಾಗ ದಿನಾ ಸಂಜಿ ಕುಂತು ದಾರಿ ನೋಡಿದ್ನಿ. ಇವತ್ತ ಬಯ್ತಾನ, ಇವತ್ತ ಹೊಡೀತಾನ ಅಂತ. ಅಂವ ಬಂದು ‘ಉಂಡಿ ಏನವಾ’ ಅಂತಾನ ಅಷ್ಟ.”

ನಾನು ಅವಳ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತೆ. ಅವಳು ಅಪ್ಪನಿಗೆ ಮೋಸ ಮಾಡಲು ಆ ಸಾಲು ತಿರುಗಿಸಿರಲಿಲ್ಲ. ನನಗೆ ಕೆಲಸ ಹೇಳಿದ್ದಳು.

“ನೀನ ಹೇಳಬಹುದಿತ್ತಲ್ಲವ್ವ?” ಎಂದೆ.

“ನಾ ಹೆಂಗ ಹೇಳ್ಲಿರಿ? ನಮ್ಮನ್ಯಾಗ ಆಯಿ ಹೇಳ್ತಿದ್ಲು.”

ಆಗ ಎಲ್ಲ ಬಿಡಿಸಿ ಹೇಳಿದಳು. ಆ ಮನೆಯಲ್ಲಿ ಅಪ್ಪ ಮಗಳು ನೇರ ಮಾತಾಡುತ್ತಿದ್ದದ್ದು ಊಟ, ನೀರು ಇಷ್ಟಕ್ಕೇ. ಉಳಿದದ್ದೆಲ್ಲ ಆಯಿಯ ಮೂಲಕ. ಶಾಲೆಯ ಪ್ರವಾಸಕ್ಕೆ ಹೋಗಬೇಕೆಂದರೆ ಇವಳು ಆಯಿಗೆ ಹೇಳುವುದು, ಎರಡು ಮಾರು ಆಚೆ ಕೂತ ಅಪ್ಪನಿಗೆ ಅದು ಕೇಳಿರುತ್ತದೆ, ಆದರೂ ಆಯಿ ಅದನ್ನು ಮತ್ತೆ ಅವನಿಗೆ ಹೇಳುವುದು. ಅವನ ಉತ್ತರವೂ ಹಾಗೇ ಸುತ್ತಿ ಬರುವುದು. ಸಂಜೆ ಪೇಪರ್ ಓದಿದರೂ ಅಷ್ಟೇ. ಓದುತ್ತಿದ್ದದ್ದು ಆಯಿಗೆ, ಕೇಳುತ್ತಿದ್ದದ್ದು ಅಪ್ಪ.

ನನಗೆ ಇದು ಹೊಸದೇ? ಶಿಗ್ಗಾಂವದ ನಮ್ಮ ಮನೆಯಲ್ಲೇ ನನ್ನ ಕಾಲೇಜಿನ ವಿಷಯ ಅಪ್ಪನ ಕಿವಿಗೆ ಬಿದ್ದದ್ದು ಸೋದರತ್ತೆಯ ಬಾಯಿಂದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಅದೇ ಬಾಗಿಲ ಹಿಂದಿನಿಂದ ಬಂದವಳು ನಾನು, ನಾಲ್ಕು ಪುಸ್ತಕ ಓದಿ ಅದಕ್ಕೆ ‘ಪರೋಕ್ಷ ಸಂವಹನ’ ಎಂದು ಹೆಸರಿಟ್ಟು ಮನೆಗಳ ದೋಷಗಳ ಪಟ್ಟಿಯಲ್ಲಿ ಸೇರಿಸಿದ್ದೆ. ಆ ಹುಡುಗಿ ನನ್ನನ್ನು ಆಯಿಯ ಜಾಗಕ್ಕೆ ಆರಿಸಿಕೊಂಡಿದ್ದಳು. ನಾನು ಬಾಯಿಗೆ ಬೀಗ ಹಾಕಿಕೊಂಡು ಹೆಮ್ಮೆಪಡುತ್ತಿದ್ದೆ. ನಾಚಿಕೆಯಿಂದ ನಾನು ಅತ್ತುಬಿಟ್ಟೆ.

“ಈಗ ನಾ ಹೇಳ್ಲೇನು?” ಎಂದು ಕೇಳಿದೆ. ಅವಳು ತಲೆಯಾಡಿಸಿದಳು. “ನಾ ಒಳಗ ನಿಂತಿರ್ತೇನಿ.”

ಮಧ್ಯಾಹ್ನ ಊಟಕ್ಕೆ ಅಪ್ಪ ಬಂದ. ಕಟ್ಟೆಯ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಚೀಟಿ, ಮಡಿಕೆ, ಕಾಣದ ‘ಒಂದು’, ಅದನ್ನು ಮಗಳು ಒಬ್ಬಳೇ ಹೊತ್ತ ತಿಂಗಳುಗಳು. ಅವನು ನೆಲ ನೋಡುತ್ತ ಕೇಳಿದ. ಮುಗಿದ ಮೇಲೆ ಎದ್ದು, ಟಂಟಂನ ಸೀಟು ಎತ್ತಿ, ಅದರ ಕೆಳಗಿನಿಂದ ಒಂದು ಚಂಚಿ ತಂದ. ಮುದುಕಿಯ ಎಲೆ ಅಡಿಕೆಯ ಬಟ್ಟೆ ಚೀಲ. ದಾರ ಬಿಚ್ಚಿ ಕಟ್ಟೆಯ ಮೇಲೆ ಸುರಿದ. ಒಣಗಿದ ಎಲೆಯ ಚೂರು, ಅಡಿಕೆ ಹೋಳು, ಅವುಗಳ ನಡುವೆ ಒಂದು ಹಿಡಿ ಬಿಳಿ ಗುಳಿಗೆ. ಕೆಲವು ಅರ್ಧ ಕರಗಿ ಸುಣ್ಣದ ಹಾಗೆ ಒಣಗಿದ್ದವು.

“ಅಕ್ಕೋರ, ಆಕಿಗೆ ಹೇಳ್ರಿ,” ಅಂದ, ಬಾಗಿಲಿನ ಕಡೆ ನೋಡದೆ, ಆದರೆ ಬಾಗಿಲಿಗೆ ಕೇಳುವಷ್ಟು ಗಟ್ಟಿಯಾಗಿ. “ನಮ್ಮವ್ವ ಒಂದ ಗುಳಿಗಿನೂ ನುಂಗಿಲ್ಲ ಅಂತ ಹೇಳ್ರಿ. ಮುಂಜಾನಿಂದೂ ನುಂಗಿಲ್ಲ.”

ನಾನು ಬಾಗಿಲಿನ ಕಡೆ ತಿರುಗಿದೆ. “ನಿಮ್ಮ ಆಯಿ ಒಂದ ಗುಳಿಗಿನೂ ನುಂಗಿಲ್ಲಂತವ್ವ.”

ಒಳಗಿನಿಂದ ದನಿ ಬಂತು. “ಯಾಕ ನುಂಗಿಲ್ಲ ಅಂತ ಕೇಳ್ರಿ.”

“ಯಾಕ ನುಂಗಿಲ್ಲಂತ ಕೇಳ್ತಾಳ್ರಿ.”

“ಕಹಿ ಅಂತ. ಮೊದಲ ನಾ ಕೊಟ್ರೂ ನುಂಗತಿರಲಿಲ್ಲ, ನಾ ಜಗಳಾಡಿ ಆಡಿ ಸೋತಿದ್ನಿ. ಮೊಮ್ಮಗಳ ಕೈಲೆ ಬಾಯಾಗ ಇಸ್ಕೊಂಡು, ಆಕಿ ಸಾಲಿಗಿ ಹೋದ ಕೂಡ್ಲೆ ಉಗುಳಿ ಇದರಾಗ ಹಾಕ್ಯಾಳ. ಹೋದ ಮ್ಯಾಗ ನನಗ ಸಿಕ್ಕಾವಿವು.” ಅವನು ಗುಳಿಗೆಗಳನ್ನು ಅಂಗೈಯಿಂದ ಒಂದೆಡೆ ಗುಡ್ಡೆ ಮಾಡಿದ. “ದಿನಾ ಎದ್ದು ನೀರ ತಂದು ಕೊಡತಿತ್ರಿ ನನ್ನ ಕೂಸು. ಆಯಿ ಹಿಂಗ ಮಾಡ್ಯಾಳ ಅಂತ ಗೊತ್ತಾದ್ರ ಮನಸಿಗಿ ಹಚ್ಕೊಂತಾಳ ಅಂತ ನಾನ ಮುಚ್ಚಿಟ್ನಿ.”

ಇದನ್ನು ಮತ್ತೆ ಹೇಳುವ ಅಗತ್ಯ ಬೀಳಲಿಲ್ಲ. ಹುಡುಗಿ ಹೊರಗೆ ಬಂದು ಕಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಗುಳಿಗೆಯನ್ನು ಬೆರಳಲ್ಲಿ ಹಿಡಿದು ನೋಡಿ, “ಕಳ್ಳಿ ಆಯಿ” ಎಂದು ನಕ್ಕು, ನಗುತ್ತಲೇ ಅಳತೊಡಗಿದಳು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. ನಾನು ಮುಖ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ.

ಧಾರವಾಡಕ್ಕೆ ಹೋಗಿ ನನ್ನ ಮಾರ್ಗದರ್ಶಕಿ ಮೇಡಂಗೆ ಚುಕ್ಕೆಗಳ ಸಮೇತ ಎಲ್ಲವನ್ನೂ ಒಪ್ಪಿಸಿದೆ. ಅವರು ನನ್ನ ಚಳಿ ಬಿಡಿಸಿದರು. ಒಪ್ಪಿಗೆಯನ್ನು ಮಕ್ಕಳ ಬಾಯಿಗೆ ಬಿಟ್ಟು ತಮಾಷೆ ನೋಡಿದ್ದೀಯ, ಪ್ರತಿ ಮನೆಗೂ ಹೋಗಿ ನೀನೇ ಓದು, ಒಪ್ಪದವರ ಕಾಗದ ಹರಿದುಹಾಕು ಎಂದರು. ಮತ್ತೆ ಅದೇ ಬಸ್ಸು, ಅದೇ ಗಿರಮಿಟ್. ಹೆದರುತ್ತ ಹೆದರುತ್ತ ಸವಣೂರಿನ ಆ ತಾಯಿಯ ಮುಂದೆ ಗುಟ್ಟಿನ ಸಾಲು ಓದಿದೆ. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

“ಗೊತ್ತೈತಿ ಬಿಡ್ರಿ. ಅಂವ ಅಲ್ಲಿಗೆ ಬಂದು ಕೆಮ್ಮಿದ್ದು ನಾ ನೋಡಿಲ್ಲೇನು? ನನ್ನ ಮುಂದ ಹೇಳಲಾರದ್ದು ನಿಮ್ಮ ಮುಂದರ ಹೇಳ್ಲಿ ಅಂತ ಸುಮ್ಮನಿದ್ನಿ.”

ಹುಲಗೂರಿನ ಅಪ್ಪನಿಗೂ ಗೊತ್ತಿತ್ತು. ಆದರೂ ಮಗನನ್ನು ಸಂಜೆ ಆಡಲು ಬಿಡುತ್ತಿದ್ದರು. ನಾನು ಮಕ್ಕಳನ್ನು ಓದುತ್ತಿದ್ದೇನೆ ಎಂದುಕೊಂಡಿದ್ದೆ. ಆ ಓದಲು ಬಾರದ ತಂದೆತಾಯಿಗಳು ನನಗಿಂತ ಚೆನ್ನಾಗಿ ಅವರನ್ನು ಓದಿದ್ದರು. ಈಗ ವಾರಕ್ಕೆರಡು ದಿನ ಮಕ್ಕಳನ್ನೂ ಅವರ ಮನೆಯವರನ್ನೂ ಕೂರಿಸಿಕೊಂಡು ಚಿಕಿತ್ಸೆ ಮಾಡುತ್ತೇನೆ. ಮೊದಲ ದಿನವೇ ಕೇಳುವ ಪ್ರಶ್ನೆ ಒಂದೇ: ನಿಮ್ಮ ಮನೆಯಲ್ಲಿ ಮಾತು ಯಾರ ಮೂಲಕ ಹೋಗುತ್ತದೆ? ಅವರನ್ನೂ ಕರೆದುಕೊಂಡು ಬನ್ನಿ ಎನ್ನುತ್ತೇನೆ.

ಹಾಳೆ ಮತ್ತೆ ಓದುವ ಆ ಸುತ್ತಿನಲ್ಲಿ ಆಡೂರಿನಾಚೆಯ ಮನೆಗೆ ಎಲ್ಲಕ್ಕಿಂತ ಕೊನೆಗೆ ಹೋದೆ. ಹುಡುಗಿ ಪರೀಕ್ಷೆ ಬರೆದು ಮುಗಿಸಿದ್ದಳು. ಕೆನ್ನೆ ತುಂಬಿಕೊಂಡಿತ್ತು. ನಿಯಮದಂತೆ ಹಾಳೆಯನ್ನು ನಾನೇ ಓದಿದೆ, ಗುಟ್ಟಿನ ಸಾಲನ್ನು ಎರಡು ಸಲ. ಅಪ್ಪ ಸಾವಕಾಶವಾಗಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ. ನಾನು ಹಾಳೆ ತೆಗೆದುಕೊಳ್ಳಲು ಕೈ ಚಾಚಿದರೆ ಅವನು ಕೊಡಲಿಲ್ಲ. ಮಗಳ ಕಡೆ ತಿರುಗಿ, ನನ್ನನ್ನು ದಾಟಿ, ಅವಳಿಗೇ ಕೊಟ್ಟ.

“ಈಗ ನೀ ಓದವ್ವ. ಒಂದೂ ಬಿಡಬ್ಯಾಡ.”

ಅವಳು ನಿಂತುಕೊಂಡೇ ಓದಿದಳು. ಆ ಸಾಲು ಬಂದಾಗ ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದಳು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಓದಿದಳು.

“ಹೂಂ,” ಎಂದ ಅಪ್ಪ. “ಮುಂದ ಓದು.”

ಅವತ್ತೂ ನನ್ನನ್ನು ಟಂಟಂನಲ್ಲಿ ಆಡೂರಿನವರೆಗೆ ಬಿಟ್ಟ. ದಾರಿಯುದ್ದಕ್ಕೂ ಮಳೆಯ ಬಗ್ಗೆ, ಹಾನಗಲ್ಲಿನ ರಸ್ತೆಯ ಬಗ್ಗೆ ಮಾತಾಡಿದ. ಕನ್ನಡಿಯಲ್ಲಿ ನನ್ನ ಮುಖವನ್ನು ಒಂದೆರಡು ಸಲ ನೋಡಿದ. ಮಗಳು ಏನಂದಳು ಎಂದು ಮಾತ್ರ ಕೇಳಲಿಲ್ಲ.